ಮನೆಯ ಕಾಗದಪತ್ರವೂ ಶಾಲೆಯ ಗಣಕಯಂತ್ರವೂ

ಗಡಿನಾಡಿನ ಉಪಾಧ್ಯಾಯರ ಸ್ಮರಣ ಸಂಚಿಕೆಗಳಲ್ಲಿ ಶಾಸನ, ಸ್ಥಳನಾಮ, ಜಾನಪದ ಮೊದಲಾದ ವಿಷಯಗಳನ್ನು ಕುರಿತು ಲೇಖನಗಳು ಬರುವುದು ವಾಡಿಕೆ. ಅವುಗಳ ನಡುವೆ ಗಣಕಯಂತ್ರದ ಮಾತನ್ನೆತ್ತುವುದು ಅಪ್ರಕೃತವೆಂದು ಕೆಲವರಿಗೆ ತೋರಬಹುದು. ಆದರೆ ಶಾಸನವೆಂಬುದು ತಾನೆ ಏನು? ಇಂಥವರಿಗೆ ಇಂಥ ಭೂಮಿ, ಅದರ ಎಲ್ಲೆ ಇದು, ಅದರ ತೆರಿಗೆ ಇಷ್ಟು ಎಂದು ಕಲ್ಲಿನ ಮೇಲೆ ಬರೆದಿಟ್ಟ ದಸ್ತಾವೇಜು. ಅದನ್ನು ಓದಬಲ್ಲವರು ಇಲ್ಲದಾದ ಮೇಲೆ ಎಷ್ಟೋ ಊರುಗಳಲ್ಲಿ ಅದು ಬಟ್ಟೆ ಒಗೆಯುವ ಕಲ್ಲಾಯಿತು. ನಮ್ಮ ಕಾಲದ ಕಾಗದಪತ್ರಗಳಿಗೂ ಅವುಗಳನ್ನು ಓದಬೇಕಾದ ಮಕ್ಕಳಿಗೂ ನಡುವೆ ಇಂಥದೇ ಒಂದು ಅಂತರ ಬೆಳೆಯುತ್ತಿದೆಯೆಂಬುದು ನಮ್ಮ ಅನುಭವ. ಶಾಲೆಯ ಬೋಧನ ತಂತ್ರಾಂಶವು ಲೋಕದ ಬಳಕೆಯಲ್ಲಿರುವ ಕಾಗದಪತ್ರಗಳನ್ನು ಅವು ಇರುವ ರೂಪದಲ್ಲಿಯೇ ತೆರೆಯಬಲ್ಲದ್ದಾಗಿರಬೇಕು, ಉಪಾಧ್ಯಾಯರು ಅವುಗಳನ್ನು ಪಾಠವಾಗಿ ಬಳಸಬೇಕು ಎಂಬುದೇ ಈ ಬರಹದ ವಿಷಯ.

ನಮ್ಮ ಕಣಿವೆ

ಪಶ್ಚಿಮ ಘಟ್ಟಗಳಿಗೂ ವರುಷನಾಡು ಬೆಟ್ಟಗಳಿಗೂ ನಡುವೆ ಹಬ್ಬಿರುವ ಕಂಬಂ ಕಣಿವೆ ಪೆರಿಯಾರಿನ ನೀರಿನಿಂದ ಬಾಳುವ ನಾಡು. ೧೮೯೫ರಲ್ಲಿ ಅಣೆಕಟ್ಟು ಮುಗಿದು, ಪಶ್ಚಿಮಕ್ಕೆ ಹರಿಯುತ್ತಿದ್ದ ನೀರು ಬೆಟ್ಟದೊಳಗಿನ ಸುರಂಗದಿಂದ ಈ ಕಡೆಗೆ ತಿರುಗಿತು. ಭತ್ತ, ದ್ರಾಕ್ಷಿ, ತೆಂಗು, ಬಾಳೆ ಇಲ್ಲಿಯ ಬೆಳೆಗಳು. ಮೇಲಿನ ಬೆಟ್ಟಗಳ ಏಲಕ್ಕಿ ಬೋಡಿನಾಯಕನೂರಿನ ಹರಾಜಿಗೆ ಇಳಿದು ಬರುತ್ತದೆ. ಇಲ್ಲಿ ಮನೆಯಲ್ಲಿ ಕನ್ನಡವಾಡುವ ಒಕ್ಕಲಿಗರೂ ಅನುಪ್ಪರೂ ತಲೆತಲಾಂತರದಿಂದ ನೆಲೆಸಿದ್ದಾರೆ. ತೇನಿ, ದಿಂಡಿಗಲ್ ಕಡೆಯ ನೇಕಾರರಲ್ಲಿ ಕನ್ನಡವಾಡುವ ದೇವಾಂಗರಿದ್ದಾರೆ. ೧೯೦೬ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಎಂಬ ಅಧಿಕಾರಿ ಬರೆದ ಮದುರೆ ಗೆಜೆಟಿಯರ್ ಇಲ್ಲಿಯ ಒಕ್ಕಲಿಗರನ್ನು ಕಪ್ಪಿಲಿಯರೆಂಬ ಹೆಸರಿನಿಂದ ಕರೆದು, ಕಂಬಂನಲ್ಲಿ ಅವರು ಸಾಕುವ ದೇವರ ದನದ ಹಿಂಡನ್ನು ವಿವರಿಸಿದೆ. ಆ ಹಿಂಡಿಗೆ ತಮಿಳಿನಲ್ಲಿ ತಂಬಿರಾನ್ ಮಾಡು ಎಂದೂ ಕನ್ನಡದಲ್ಲಿ ದೇವರ ಆವು ಎಂದೂ ಹೆಸರು.

ಈ ಮನೆಗಳಲ್ಲಿ ಮಾತು ಕನ್ನಡ. ಬೀದಿ, ಶಾಲೆ, ಕಛೇರಿಗಳಲ್ಲಿ ತಮಿಳು. ಬ್ಯಾಂಕಿನ ಕಾಗದಗಳಲ್ಲಿ ಬಹುಮಟ್ಟಿಗೆ ಇಂಗ್ಲಿಷು. ಮನೆಯ ಲೆಕ್ಕ, ಲಗ್ನಪತ್ರಿಕೆ ಎಲ್ಲವನ್ನೂ ತಮಿಳಕ್ಷರದಲ್ಲಿ ಬರೆಯುವುದು ರೂಢಿ. ನಮ್ಮ ಬಹುಪಾಲು ಮಕ್ಕಳು ಕನ್ನಡವನ್ನು ಕಿವಿಯಿಂದ ಬಲ್ಲರು, ಕಣ್ಣಿನಿಂದ ಅರಿಯರು. ಈ ಬರಹವನ್ನು ಬರೆಯುತ್ತಿರುವ ನಾವೂ ಕನ್ನಡದ ಅಕ್ಷರವನ್ನು ಕಲಿತದ್ದು ಉಪಾಧ್ಯಾಯ ವೃತ್ತಿಗೆ ಸೇರಿದ ಮೇಲೆಯೇ. ಆದಕಾರಣ ಒಂದು ಕಾಗದವನ್ನು ಓದುವುದೆಂದರೆ ಎಷ್ಟು ಕೆಲಸಗಳು ಅದರೊಳಗೆ ಅಡಗಿವೆಯೆಂಬುದು ನಮಗೆ ಸ್ವಂತ ಅನುಭವದಿಂದಲೇ ಗೊತ್ತು.

ಒಂದು ಅರ್ಜಿಯ ಕಥೆ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗನೊಬ್ಬನ ಅಜ್ಜ ಬೆಳೆಸಾಲಕ್ಕೆ ಅರ್ಜಿ ಹಾಕಬೇಕಾಗಿತ್ತು. ಅಜ್ಜನಿಗೆ ಓದು ಬರದು. ತಂದೆ ಏಲಕ್ಕಿ ತೋಟದ ಕೆಲಸಕ್ಕೆ ಬೆಟ್ಟ ಹತ್ತಿದ್ದ. ಮನೆಯಲ್ಲಿ ಓದಿದವನೆಂದರೆ ಈ ಹುಡುಗನೇ. ಜಮೀನಿನ ಪಟ್ಟಾ ನೋಡಿ ಅರ್ಜಿಯನ್ನು ಅವನೇ ತುಂಬಿದ.

ತಮಿಳುನಾಡಿನ ಪಟ್ಟಾ ನಮ್ಮ ಓದುಗರೆಲ್ಲ ಕಂಡದ್ದೇ. ಜಿಲ್ಲೆ, ತಾಲ್ಲೂಕು, ಗ್ರಾಮ, ಪಟ್ಟಾ ಸಂಖ್ಯೆ, ಹಕ್ಕುದಾರರ ಹೆಸರು. ಅದರ ಕೆಳಗೆ ಸರ್ವೆ ಸಂಖ್ಯೆ, ಉಪವಿಭಾಗ. ಆಮೇಲೆ ಪುಂಜೆ, ನಂಜೆ ಎಂದು ಬೇರೆ ಬೇರೆ ಕಾಲಮುಗಳಲ್ಲಿ ವಿಸ್ತೀರ್ಣ ಮತ್ತು ಕಂದಾಯ. ವಿಸ್ತೀರ್ಣದ ಜಾಗದಲ್ಲಿ ‘೦ - ೪೦.೫೦’ ಎಂದು ಅಚ್ಚಾಗಿತ್ತು. ನಡುವಿನ ಗೀಟಿನ ಎಡಕ್ಕಿರುವುದು ಹೆಕ್ಟೇರು, ಬಲಕ್ಕಿರುವುದು ಏರು. ನೂರು ಏರಿಗೆ ಒಂದು ಹೆಕ್ಟೇರು. ನಲವತ್ತೂವರೆ ಏರೆಂದರೆ ನೂರು ಸೆಂಟು, ಅಂದರೆ ಒಂದೇ ಒಂದು ಎಕರೆ. ಹುಡುಗ ಸೊನ್ನೆಯನ್ನೂ ಗೀಟನ್ನೂ ಲೆಕ್ಕಕ್ಕಿಲ್ಲದ್ದೆಂದು ಬಿಟ್ಟು ನಲವತ್ತೂವರೆ ಹೆಕ್ಟೇರ್ ಎಂದು ಬರೆದ. ಒಂದು ಎಕರೆಯ ಒಕ್ಕಲಿಗ ಕಾಗದದ ಮೇಲೆ ನೂರು ಎಕರೆಯ ಜಮೀನ್ದಾರನಾದ.

ಇಷ್ಟೇ ಆಗಿದ್ದರೆ ತಿದ್ದಬಹುದಾಗಿತ್ತು. ಅಂದವಾಗಿ ಕಾಣಲೆಂದು ಹುಡುಗ ಜಮೀನಿನ ವಿವರವನ್ನು ಶಾಲೆಯ ಗಣಕಯಂತ್ರದ ಲೆಕ್ಕದ ಹಾಳೆಯಲ್ಲಿ ಬೆರಳಚ್ಚಿಸಿ ಲಗತ್ತಿಸಿದ್ದ. ಸರ್ವೆ ಸಂಖ್ಯೆ ೧೨, ಉಪವಿಭಾಗ ೩. ಎಲ್ಲರೂ ಬರೆಯುವಂತೆ ೧೨/೩ ಎಂದು ಅವನು ಒತ್ತಿದ. ಯಂತ್ರ ಅದನ್ನು ತಾರೀಖೆಂದು ತಿಳಿದು ಮಾರ್ಚ್ ೧೨ ಮಾಡಿತು. ಯಂತ್ರ ಬರೆದದ್ದು ತಪ್ಪಿರಲಾರದೆಂದು ಅವನು ಹಾಗೆಯೇ ಬಿಟ್ಟ. ಅರ್ಜಿ ಎರಡು ಸಲ ಹಿಂದಿರುಗಿತು. ಅಷ್ಟರೊಳಗೆ ಕಾಲುವೆಗೆ ನೀರು ಬಂದಿತ್ತು, ನಾಟಿಯ ಕಾಲ ಕಾಯುವಂತಿರಲಿಲ್ಲ. ಅಜ್ಜ ಕೈಸಾಲ ಮಾಡಿದ. ಆ ಬೆಳೆಯ ಲಾಭ ಬಡ್ಡಿಗೆ ಹೋಯಿತು.

ಒಂದು ದಿನ ಅವರು ಶಾಲೆಗೆ ಬಂದು, “ವಾತ್ಯಾರೇ, ಹುಡುಗ ಚೆನ್ನಾಗಿ ಓದುತಾನೆ ಅಂದಿರಿ. ಈ ಒಂದು ಕಾಗದ ಓದಕ್ಕೆ ಆಗಲಿಲ್ಲವಲ್ಲ” ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ನಾವು ಹುಡುಗನ ಅಂಕಗಳನ್ನು ತೆಗೆದು ನೋಡಿದೆವು. ಹೆಕ್ಟೇರು–ಎಕರೆಗಳ ಪರಿವರ್ತನೆಯನ್ನು ಕಲಿಸುವ ಪಾಠ ಗಣಕಯಂತ್ರದಲ್ಲಿತ್ತು. ಅದರಲ್ಲಿ ಅವನಿಗೆ ಹತ್ತಕ್ಕೆ ಹತ್ತು. ಆ ಪಾಠದಲ್ಲಿದ್ದ ಪ್ರಶ್ನೆಗಳೆಲ್ಲ ‘೨ ಹೆಕ್ಟೇರು ಎಷ್ಟು ಎಕರೆ?’ ಎಂಬ ಬಗೆಯವು. ಗೀಟಿಲ್ಲ, ಕಾಲಮಿಲ್ಲ, ನಾಲ್ವರು ಹಕ್ಕುದಾರರಿಲ್ಲ, ಮಾಸಿದ ಮೊಹರಿಲ್ಲ. ಹುಡುಗನು ಕಲಿತದ್ದನ್ನು ಸರಿಯಾಗಿಯೇ ಕಲಿತಿದ್ದ. ನಾವು ಕಲಿಸಿದ್ದು ಎಲ್ಲಿಯೂ ಇಲ್ಲದ ಒಂದು ಲೋಕದ ಲೆಕ್ಕವನ್ನು.

ಮರುವಾರ ಆ ಪಟ್ಟಾವನ್ನೇ, ಹೆಸರು ಸಂಖ್ಯೆಗಳನ್ನು ಮರೆಮಾಡಿ, ಪಾಠಕ್ಕೆ ಇಡೋಣವೆಂದು ಹೊರಟೆವು. ಬೋಧನ ತಂತ್ರಾಂಶವು ತನ್ನದೇ ಪ್ರಶ್ನೆಗಳ ಕಡತವನ್ನು ಬಿಟ್ಟು ಬೇರೆ ಯಾವುದನ್ನೂ ತೆರೆಯಲೊಲ್ಲದು. ಸರ್ಕಾರದ ಜಾಲತಾಣದಿಂದ ಇಳಿಸಿಕೊಂಡ ಪಟ್ಟಾ ಅದಕ್ಕೆ ಅಪರಿಚಿತ ವಸ್ತು. ಈ ವಿಷಯದ ವಿಚಾರಕ್ಕೆ ನಾವು ತೊಡಗಿದ್ದು ಅಂದಿನಿಂದ.

ನಮೂನೆ ಎಂದರೇನು?

ಕಡತದ ನಮೂನೆ ಎಂಬ ಮಾತನ್ನು ಉಪಾಧ್ಯಾಯರು ತಂತ್ರಜ್ಞರ ಪಾಲಿಗೆ ಬಿಡುವುದುಂಟು. ಅದು ಅಷ್ಟು ಕಠಿಣವಾದುದಲ್ಲ. ಮನೆಗೆ ಬರುವ ಕಾಗದಗಳನ್ನು ಗಣಕಯಂತ್ರದ ದೃಷ್ಟಿಯಿಂದ ನಾಲ್ಕು ಬಗೆಯಾಗಿ ತಿಳಿಯಬಹುದು.

ಮೊದಲನೆಯದು ಬರಿಯ ಚಿತ್ರ. ಮೊಬೈಲಿನಿಂದ ತೆಗೆದ ಕ್ರಯಪತ್ರದ ಫೋಟೋ ಇಂಥದು. ನಮಗೆ ಅದರಲ್ಲಿ ಅಕ್ಷರಗಳು ಕಾಣುತ್ತವೆ. ಯಂತ್ರಕ್ಕೆ ಕಾಣುವುದು ಬಣ್ಣದ ಚುಕ್ಕೆಗಳು ಮಾತ್ರ. ಎರಡನೆಯದು ಪುಟದ ಅಚ್ಚು, ಅಂದರೆ ಪಿ.ಡಿ.ಎಫ್. ೧೯೯೩ರಲ್ಲಿ ಅಡೋಬಿ ಸಂಸ್ಥೆ ಹೊರತಂದ ಈ ನಮೂನೆ ೨೦೦೮ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಎಲ್ಲಿ ತೆರೆದರೂ ಪುಟ ಒಂದೇ ರೀತಿ ಕಾಣುವುದು ಇದರ ಗುಣ. ಯಾವ ಅಕ್ಷರದ ಆಕೃತಿ ಪುಟದ ಯಾವ ಜಾಗದಲ್ಲಿ ಕೂರಬೇಕೆಂಬುದನ್ನು ಅದು ಚೆನ್ನಾಗಿ ಬಲ್ಲದು. ಯಾವ ಅಕ್ಷರದ ಮುಂದೆ ಯಾವುದು ಬರಬೇಕೆಂಬುದು ಅದಕ್ಕೆ ಅಷ್ಟು ಮುಖ್ಯವಲ್ಲ. ಆದ್ದರಿಂದಲೇ ಒತ್ತಕ್ಷರಗಳುಳ್ಳ ಕನ್ನಡದ ಪುಟದಿಂದ ಒಂದು ವಾಕ್ಯವನ್ನು ನಕಲು ಮಾಡಿದರೆ ಅನೇಕ ವೇಳೆ ಒತ್ತು, ಕೊಂಬು, ದೀರ್ಘಗಳು ಚೆಲ್ಲಾಪಿಲ್ಲಿಯಾಗುತ್ತವೆ. ಮೂರನೆಯದು ತಿದ್ದಬಹುದಾದ ಬರಹ: ಪತ್ರ, ಅರ್ಜಿ, ವರದಿ. ಇದಕ್ಕೆ ಎರಡು ಪ್ರಸಿದ್ಧ ನಮೂನೆಗಳಿವೆ. ಓಪನ್ ಡಾಕ್ಯುಮೆಂಟ್ ಎಂಬುದು ೨೦೦೬ರಲ್ಲಿಯೂ, ಮೈಕ್ರೋಸಾಫ್ಟ್ ಕಛೇರಿ ತಂತ್ರಾಂಶದ ಹೊಸ ನಮೂನೆ ೨೦೦೮ರಲ್ಲಿಯೂ ಅಂತರರಾಷ್ಟ್ರೀಯ ಮಾನಕಗಳಾದವು. ನಾಲ್ಕನೆಯದು ಲೆಕ್ಕದ ಹಾಳೆ, ಅಂದರೆ ಅಂಕಿಗಳ ಕೋಷ್ಟಕ.

ಒಂದೇ ಪಟ್ಟಾ ಈ ನಾಲ್ಕು ರೂಪಗಳಲ್ಲಿಯೂ ನಮ್ಮೆದುರು ಬರಬಹುದು. ಪ್ರತಿಯೊಂದು ರೂಪದಲ್ಲಿಯೂ ಅದು ಏನನ್ನೋ ಉಳಿಸಿಕೊಳ್ಳುತ್ತದೆ, ಏನನ್ನೋ ಕಳೆದುಕೊಳ್ಳುತ್ತದೆ. ಫೋಟೋದಲ್ಲಿ ಮೊಹರು ಉಳಿಯುತ್ತದೆ, ಲೆಕ್ಕ ಮಾಡಲಾಗದು. ಲೆಕ್ಕದ ಹಾಳೆಯಲ್ಲಿ ಕೂಡಿ ಕಳೆಯಬಹುದು, ಆದರೆ ಸರ್ವೆ ಸಂಖ್ಯೆ ತಾರೀಖಾಗಿಬಿಡುತ್ತದೆ. ಆ ಕಾಲಮನ್ನು ಮೊದಲೇ ‘ಪಠ್ಯ’ವೆಂದು ಗುರುತಿಸಿದರೆ, ಅಥವಾ ಸಂಖ್ಯೆಯ ಮುಂದೆ ಒಂದು ಒಂಟಿ ಉದ್ಧರಣ ಚಿಹ್ನೆ ಇಟ್ಟರೆ ಈ ತೊಂದರೆ ತಪ್ಪುತ್ತದೆ. ಎರಡು ನಿಮಿಷದ ಈ ಪಾಠವನ್ನು ಆ ಹುಡುಗನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಏಕೆಂದರೆ ನಮ್ಮ ಅಭ್ಯಾಸದ ಹಾಳೆಗಳಲ್ಲಿ ಸರ್ವೆ ಸಂಖ್ಯೆಯೇ ಇರಲಿಲ್ಲ.

ಒಂದು ಗೀಟು, ಎರಡು ಅರ್ಥ

ನಿಜವಾದ ಕಾಗದವು ಪಾಠಕ್ಕೆ ಬಂದರೆ ಎಂಥ ವಿಚಾರಗಳು ಹೊರಡುತ್ತವೆಂಬುದಕ್ಕೆ ಒಂದು ನಿದರ್ಶನ. ನಮ್ಮ ಪಟ್ಟಾದ ಪಕ್ಕದಲ್ಲಿ ಕರ್ನಾಟಕದ ಒಂದು ಪಹಣಿಯನ್ನು ಇಟ್ಟೆವು. ಭೂಮಿ ಯೋಜನೆಯ ಮೂಲಕ ಅಲ್ಲಿಯ ಪಹಣಿಗಳು ಗಣಕೀಕೃತವಾಗಿ ಎರಡು ದಶಕಗಳು ದಾಟಿವೆ. ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಅಲ್ಲಿಯ ಅಳತೆ ಎಕರೆ ಮತ್ತು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಅಲ್ಲಿ ೧-೨೦ ಎಂದೋ ೧.೨೦ ಎಂದೋ ಬರೆದಿದ್ದರೆ ಅದು ಒಂದೂವರೆ ಎಕರೆ. ದಶಮಾಂಶವೆಂದು ಓದಿದವನಿಗೆ ಹನ್ನೆರಡು ಗುಂಟೆ ನಷ್ಟ.

ಮಕ್ಕಳು ತಾವೇ ಮತ್ತೊಂದನ್ನು ಕಂಡುಹಿಡಿದರು. ಏರು ಎಂಬುದು ೧೦೦ ಚದರ ಮೀಟರು. ಗುಂಟೆ ಎಂಬುದು ೩೩ ಅಡಿ ಉದ್ದ ೩೩ ಅಡಿ ಅಗಲ, ಎಂದರೆ ೧೦೧ ಚದರ ಮೀಟರಿಗಿಂತ ತುಸು ಹೆಚ್ಚು. ಎರಡೂ ಹೆಚ್ಚುಕಡಮೆ ಒಂದೇ! ‘ನಮ್ಮ ಏರು, ಅವರ ಗುಂಟೆ’ ಎಂಬ ಈ ಸಮೀಕರಣ ತಿಳಿದ ಮೇಲೆ ತರಗತಿಯಲ್ಲಿ ಯಾರಿಗೂ ಹೆಕ್ಟೇರಿನ ಲೆಕ್ಕ ಮರೆಯಲಿಲ್ಲ. ಅಲ್ಲದೆ ಪಹಣಿಯ ಮೇಲಿನ ಕನ್ನಡ ಅಕ್ಷರಗಳನ್ನು ಕಂಡು, ತಾವು ಮನೆಯಲ್ಲಿ ಆಡುವ ಮಾತಿನಲ್ಲಿ ಸರ್ಕಾರದ ಕಾಗದವೂ ಇರಬಹುದೆಂಬ ಸಂಗತಿ ಕೆಲವು ಮಕ್ಕಳಿಗೆ ಆ ದಿನವೇ ಹೊಸದಾಗಿ ತಿಳಿಯಿತು.

ಓದಲಾರದ ಕನ್ನಡ

ಈ ಸಂತೋಷ ಬಹಳ ದಿನ ನಿಲ್ಲಲಿಲ್ಲ. ಅಕ್ಷರ ಕಲಿಯುವ ಆಸೆ ಹುಟ್ಟಿದ ಮಕ್ಕಳಿಗಾಗಿ ಕರ್ನಾಟಕದ ಸ್ನೇಹಿತರೊಬ್ಬರು ಒಂದು ಕಥೆಯನ್ನು ಬೆರಳಚ್ಚಿಸಿ ಕಳುಹಿಸಿದರು. ಶಾಲೆಯ ಯಂತ್ರದಲ್ಲಿ ತೆರೆದಾಗ ಪುಟದ ತುಂಬ ರೋಮನ್ ಅಕ್ಷರಗಳು, ಅವುಗಳ ತಲೆಯ ಮೇಲೆ ಗೀಟು, ಟೋಪಿ, ಚುಕ್ಕೆಗಳು. “ಸಾರ್, ಇದು ಯಾವ ಭಾಷೆ?” ಎಂದು ಹುಡುಗಿಯೊಬ್ಬಳು ಕೇಳಿದಳು. ‘ನಿನ್ನ ಭಾಷೆಯೇ’ ಎಂದು ಹೇಳುವುದು ನಮಗೆ ಕಷ್ಟವಾಯಿತು.

ಕಾರಣವನ್ನು ವಿದ್ವಾಂಸ ಓದುಗರು ತಿಳಿದಿರುವುದು ಒಳ್ಳೆಯದು. ಕನ್ನಡದ ಬರಹ, ನುಡಿ ಮೊದಲಾದ ತಂತ್ರಾಂಶಗಳು ಮೊದಲು ಬಳಕೆಗೆ ಬಂದ ಕಾಲದಲ್ಲಿ ಕನ್ನಡದ ಅಕ್ಷರಗಳಿಗೆ ಯಂತ್ರದೊಳಗೆ ಸ್ವಂತ ಮನೆಯನ್ನು ಕೊಡದೆ, ರೋಮನ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇಡುವ ಪದ್ಧತಿ ಇತ್ತು. ಆ ಅಕ್ಷರವಿನ್ಯಾಸ ಇರುವ ಯಂತ್ರದಲ್ಲಿ ಕನ್ನಡ ಕಾಣುತ್ತದೆ. ಇಲ್ಲದ ಯಂತ್ರದಲ್ಲಿ ಮನೆಯ ಯಜಮಾನನೇ ಕಾಣುತ್ತಾನೆ. ಯೂನಿಕೋಡ್ ಎಂಬ ಜಾಗತಿಕ ಸಂಕೇತಕ್ರಮ ೧೯೯೧ರ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೂ ತಮಿಳಿಗೂ ಬೇರೆ ಬೇರೆ ಸ್ಥಾನಗಳನ್ನು ಕೊಟ್ಟಿತು. ಆದರೂ ಹಳೆಯ ಪದ್ಧತಿಯ ಕಡತಗಳು ಅಚ್ಚುಕೂಟಗಳಲ್ಲಿಯೂ ಕಛೇರಿಗಳಲ್ಲಿಯೂ ಇಂದಿಗೂ ಉಳಿದಿವೆ. ತಮಿಳಿನಲ್ಲಿಯೂ ಇದೇ ಕಥೆ. ಬಗೆಬಗೆಯ ಸಂಕೇತಗಳಿಂದ ಬೇಸತ್ತು ತಮಿಳುನಾಡು ಸರ್ಕಾರ ೨೦೧೦ರಲ್ಲಿ ಯೂನಿಕೋಡನ್ನು ಮಾನಕವಾಗಿ ಅಂಗೀಕರಿಸಿತು.

ಹಳೆಯ ಕಡತವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಆ ಕಥೆಯನ್ನು ನಾವು ಹಾಗೆಯೇ ಬಿಡಿಸಿ ಓದಿಸಿದೆವು. ಆದರೆ ಅದನ್ನು ಬಿಡಿಸಬೇಕಾದದ್ದು ಉಪಾಧ್ಯಾಯನೊಬ್ಬನ ಪುಣ್ಯದಿಂದಲ್ಲ. ತಂತ್ರಾಂಶವೇ ‘ಇದು ಹಳೆಯ ಕನ್ನಡ ಸಂಕೇತದ ಕಡತ, ತಿರುಗಿಸಲೇ?’ ಎಂದು ಕೇಳಬೇಕು. ಕರ್ನಾಟಕದ ಒಳನಾಡಿನಲ್ಲಿ ಇದು ಒಂದು ಕಿರಿಕಿರಿಯಷ್ಟೆ. ಗಡಿಯಲ್ಲಿ, ತನ್ನ ಭಾಷೆಯ ಅಕ್ಷರವನ್ನು ಮೊದಲ ಸಲ ನೋಡುವ ಮಗುವಿಗೆ, ಅದು ಮುಚ್ಚಿದ ಬಾಗಿಲು.

ಹಳೆಯ ದಸ್ತಾವೇಜುಗಳು

ಸಂಶೋಧಕರಿಗೂ ಇದರಲ್ಲಿ ಪಾಲಿದೆ. ಮೇಲೆ ಹೇಳಿದ ೧೯೦೬ರ ಗೆಜೆಟಿಯರ್ ಪುಟಗಳ ಚಿತ್ರವಾಗಿ ಅಂತರ್ಜಾಲದಲ್ಲಿದೆ. ಅದರ ಇಂಗ್ಲಿಷನ್ನು ಯಂತ್ರ ಸುಮಾರಾಗಿ ಓದುತ್ತದೆ. ಆದರೆ ರೋಮನ್ ಲಿಪಿಯಲ್ಲಿ ಚಿಹ್ನೆಗಳ ಸಹಿತ ಬರೆದ ‘ದೇವರ ಆವು’ ಎಂಬ ಹೆಸರಿನ ಬಳಿಗೆ ಬಂದಾಗ ತಡವರಿಸುತ್ತದೆ. ಆ ಹೆಸರನ್ನು ಸರಿಯಾಗಿ ಓದಬಲ್ಲವರು ಯಾರು? ಕಂಬಂನ ಮಕ್ಕಳು. ಪುಟದ ಚಿತ್ರದ ಪಕ್ಕದಲ್ಲಿ ಅವರು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಆ ಹೆಸರನ್ನು ಬರೆದು, ಮನೆಯ ಹಿರಿಯರಿಂದ ಕೇಳಿದ ವಿವರವನ್ನು ಸೇರಿಸಿದರೆ ಅದು ಪಾಠವೂ ಹೌದು, ಸಂಶೋಧನೆಯೂ ಹೌದು. ಮುದ್ರಿತ ಕನ್ನಡವನ್ನೂ ತಮಿಳನ್ನೂ ಚಿತ್ರದಿಂದ ಓದಬಲ್ಲ ಟೆಸರ್ಯಾಕ್ಟ್ ಎಂಬ ಮುಕ್ತ ತಂತ್ರಾಂಶ ಈಗಾಗಲೇ ಇದೆ. ಅದರ ತಪ್ಪುಗಳನ್ನು ತಿದ್ದುವುದೇ ಒಂದು ಒಳ್ಳೆಯ ಕಾಗುಣಿತದ ಅಭ್ಯಾಸ.

ಪೆರಿಯಾರಿನ ಒಪ್ಪಂದವನ್ನು ನೋಡಿ. ೧೮೮೬ರ ಅಕ್ಟೋಬರ್ ೨೯ರಂದು ತಿರುವಾಂಕೂರಿಗೂ ಮದರಾಸು ಸರ್ಕಾರಕ್ಕೂ ಆದ ಗುತ್ತಿಗೆ ಅದು: ೮,೦೦೦ ಎಕರೆ, ಎಕರೆಗೆ ವರ್ಷಕ್ಕೆ ೫ ರೂಪಾಯಿ, ಅವಧಿ ೯೯೯ ವರ್ಷ. ೧೯೭೦ರಲ್ಲಿ ಎಕರೆಗೆ ೩೦ ರೂಪಾಯಿಯಾಯಿತು. ಸರ್ವೋಚ್ಚ ನ್ಯಾಯಾಲಯದ ೨೦೦೬ ಮತ್ತು ೨೦೧೪ರ ತೀರ್ಪುಗಳಲ್ಲಿ ಈ ಒಪ್ಪಂದದ ಪ್ರಸ್ತಾಪವಿದೆ, ಅವು ಪಿ.ಡಿ.ಎಫ್. ರೂಪದಲ್ಲಿ ಎಲ್ಲರಿಗೂ ಲಭ್ಯ. ೮,೦೦೦ ಎಕರೆಯ ಲೆಕ್ಕದಲ್ಲಿ ವರ್ಷದ ಗುತ್ತಿಗೆ ೪೦,೦೦೦ದಿಂದ ೨,೪೦,೦೦೦ ರೂಪಾಯಿಗೆ ಏರುತ್ತದೆಂಬುದು ಸುಲಭದ ಗುಣಾಕಾರ. ನಮ್ಮ ಗದ್ದೆಗೆ ಹರಿಯುವ ನೀರು ಒಂದು ಕಾಗದದ ಮೇಲೆ ನಿಂತಿದೆಯೆಂದು ತಿಳಿಯುವುದು ಗುಣಾಕಾರಕ್ಕಿಂತ ದೊಡ್ಡದು. ಹಾಗೆಯೇ ಮೊದಲ ಬೆಳೆಗೆ ಕಂಬಂ ಕಣಿವೆಯ ೧೪,೭೦೭ ಎಕರೆಗೆ ನೀರು ಬಿಡುವ ಸರ್ಕಾರಿ ಪ್ರಕಟಣೆ; ಬೋಡಿಯ ಏಲಕ್ಕಿ ಹರಾಜಿನ ಚೀಟಿ; ೨೦೧೦ರ ಕೊನೆಯಲ್ಲಿ ನಿಂತು, ೨೦೨೨ರಲ್ಲಿ ತೇನಿಗೂ ೨೦೨೩ರಲ್ಲಿ ಬೋಡಿಗೂ ಮರಳಿದ ಮದುರೆಯ ರೈಲಿನ ವೇಳಾಪಟ್ಟಿ. ಅಜ್ಜನ ಕ್ರಯಪತ್ರದಲ್ಲಿ ಮದುರೆ ಜಿಲ್ಲೆಯೆಂದಿದ್ದು ಮೊಮ್ಮಗನ ಪಟ್ಟಾದಲ್ಲಿ ತೇನಿ ಜಿಲ್ಲೆಯೆಂದಿರುವುದೇಕೆ ಎಂಬ ಪ್ರಶ್ನೆಯಿಂದ ೧೯೯೭ರ ಜಿಲ್ಲಾ ವಿಭಜನೆಯ ಪಾಠ ತಾನಾಗಿ ಹೊರಡುತ್ತದೆ.

ಹಿಂದಿನ ದಾರಿ, ನೆರೆಯ ದಾರಿ

ಈ ಆಲೋಚನೆ ಹೊಸದೆಂದು ನಾವು ಹೇಳುವುದಿಲ್ಲ. ಬದುಕಿನ ಕೆಲಸದ ಮೂಲಕವೇ ಕಲಿಸಬೇಕೆಂಬ ಗಾಂಧೀಜಿಯವರ ನಯೀ ತಾಲೀಮ್ ೧೯೩೭ರ ವಾರ್ಧಾ ಸಮ್ಮೇಳನದಲ್ಲಿ ರೂಪುಗೊಂಡಿತು. ನಮ್ಮ ದಿಂಡಿಗಲ್ ಬಳಿಯಲ್ಲಿಯೇ ಡಾಕ್ಟರ್ ಸೌಂದರಂ ಮತ್ತು ಜಿ. ರಾಮಚಂದ್ರನ್ ದಂಪತಿಗಳು ೧೯೪೭ರಲ್ಲಿ ಗಾಂಧಿಗ್ರಾಮವನ್ನು ಸ್ಥಾಪಿಸಿದರು. ೧೯೫೬ರಲ್ಲಿ ಅಲ್ಲಿ ಗ್ರಾಮೀಣ ಸಂಸ್ಥೆ ಆರಂಭವಾಯಿತು. ಅಂದು ರಾಟೆ ಮತ್ತು ಸಲಿಕೆ ಪಾಠದ ಸಾಧನಗಳಾಗಿದ್ದುವು. ಇಂದಿನ ರೈತನೂ ನೇಕಾರನೂ ಸಲಿಕೆ ಲಾಳಿಗಳ ಜೊತೆಗೆ ಅರ್ಜಿ, ರಸೀದಿ, ಪಾಸ್‌ಪುಸ್ತಕಗಳನ್ನೂ ಹಿಡಿಯಬೇಕಾಗಿದೆ. ಸಾಧನ ಬದಲಾಯಿತು, ತತ್ತ್ವ ಅದೇ.

ನೆರೆಯ ಕೇರಳದಿಂದ ನಾವು ಕಲಿಯಬಹುದು. ಅಲ್ಲಿ ೨೦೦೧ರಲ್ಲಿ ಆರಂಭವಾದ ಐ.ಟಿ. ಅಟ್ ಸ್ಕೂಲ್ ಯೋಜನೆ ೨೦೧೭ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನೇ ಬಳಸುವ ಕ್ರಮ ಅಲ್ಲಿಯದು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಕ ವಿಷಯದ ಪಠ್ಯಪುಸ್ತಕ ಕನ್ನಡದಲ್ಲಿಯೇ ಇದೆ. ಅಲ್ಲಿಯ ಮಗು ಕಲಿಯುವುದು ಕಛೇರಿಯಲ್ಲಿ ಬಳಸಬಹುದಾದ ಬರಹ ಮತ್ತು ಲೆಕ್ಕದ ತಂತ್ರಾಂಶವನ್ನೇ. ಅದು ಬರೆದ ಪತ್ರ ಶಾಲೆಯ ಹೊರಗೂ ತೆರೆಯುತ್ತದೆ. ರಾಷ್ಟ್ರಮಟ್ಟದಲ್ಲಿ ೨೦೧೭ರಲ್ಲಿ ಆರಂಭವಾದ ದೀಕ್ಷಾ ವೇದಿಕೆಯೂ ಪಿ.ಡಿ.ಎಫ್., ಈಪಬ್, ವಿಡಿಯೋ ಮೊದಲಾದ ನಮೂನೆಗಳನ್ನು ಸ್ವೀಕರಿಸುತ್ತದೆ. ಆದರೆ ಅದು ಉಪಾಧ್ಯಾಯರು ಏರಿಸಿದ್ದನ್ನು ಮಗು ನೋಡುವ ವೇದಿಕೆ. ಮಗು ತಂದ ಕಾಗದ ಪಾಠವಾಗುವ ದಾರಿ ಇನ್ನೂ ಅಗಲವಾಗಬೇಕು.

ಆಕ್ಷೇಪಗಳು

ನಮ್ಮ ಸಹೋದ್ಯೋಗಿಗಳು ಮೂರು ಆಕ್ಷೇಪಗಳನ್ನು ಎತ್ತಿದ್ದಾರೆ. ಮೊದಲನೆಯದು, ನಿಜವಾದ ಕಾಗದ ಮಕ್ಕಳನ್ನು ಗಲಿಬಿಲಿಗೊಳಿಸುತ್ತದೆಂಬುದು. ಇದು ನಿಜ. ಆರನೆಯ ತರಗತಿಯ ಮಗುವಿನ ಮುಂದೆ ಕೂಟು ಪಟ್ಟಾವನ್ನು ಇಡಬಾರದು. ಮೊದಲು ಸರಳವಾದ ಅಭ್ಯಾಸ, ಆಮೇಲೆ ವಿದ್ಯುತ್ ಬಿಲ್ಲು ಅಥವಾ ಬಸ್ಸಿನ ವೇಳಾಪಟ್ಟಿ, ಕೊನೆಗೆ ಪಟ್ಟಾ ಎಂಬ ಕ್ರಮವಿರಲಿ. ಈಜುವುದನ್ನು ಮೊದಲು ಮೆಟ್ಟಿಲ ಬಾವಿಯಲ್ಲಿ ಕಲಿಸುತ್ತೇವೆ. ಆದರೆ ಹೊಳೆಗೆ ಇಳಿಸದೆ ಕಲಿಕೆ ಮುಗಿಯಿತೆನ್ನುವುದಿಲ್ಲ.

ಎರಡನೆಯದು, ಪರೀಕ್ಷೆಗೆ ಇದು ಬರುವುದಿಲ್ಲ, ಹೊತ್ತೂ ಸಾಲದು 
ಎಂಬುದು. ನಾವು ಹೊಸ ಪಿರಿಯಡ್ಡನ್ನು ಕೇಳುತ್ತಿಲ್ಲ. ಕ್ಷೇತ್ರಫಲದ ಪಾಠಕ್ಕೆ ಪಟ್ಟಾ, ಶೇಕಡಾವಾರಿನ ಪಾಠಕ್ಕೆ ಸಾಲದ ರಸೀದಿ, ಪತ್ರಲೇಖನಕ್ಕೆ ನಿಜವಾದ ಅರ್ಜಿ ಬಂದರೆ ಪಾಠಕ್ಕೆ ಹಿಡಿಯುವ ಹೊತ್ತು ಅಷ್ಟೇ.

ಮೂರನೆಯದು ಅತ್ಯಂತ ಗುರುತರವಾದುದು. ಮನೆಯ ಕಾಗದದಲ್ಲಿ ಮನೆಯ ಗುಟ್ಟಿರುತ್ತದೆ. ಯಾರಿಗೆ ಎಷ್ಟು ಸಾಲ, ಯಾರ ಆಧಾರ್ ಸಂಖ್ಯೆ ಏನು ಎಂಬುದು ತರಗತಿಗೆ ಬೇಡದ ವಿಷಯ. ೨೦೨೩ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ಮಕ್ಕಳ ದತ್ತಾಂಶಕ್ಕೆ ತಂದೆತಾಯಿಗಳ ಒಪ್ಪಿಗೆಯನ್ನು ಅಗತ್ಯಗೊಳಿಸಿದೆ. ಆದ್ದರಿಂದ ನಾವು ಅನುಸರಿಸುವ ನಿಯಮ ಹೀಗಿದೆ: ಮನೆಯವರ ಒಪ್ಪಿಗೆಯಿಲ್ಲದೆ ಯಾವ ಕಾಗದವನ್ನೂ ತರಿಸುವುದಿಲ್ಲ, ಫೋಟೋ ತೆಗೆಯುವ ಮೊದಲೇ ಹೆಸರು, ಸಂಖ್ಯೆಗಳ ಮೇಲೆ ಕಾಗದದ ಪಟ್ಟಿ ಇಡುತ್ತೇವೆ, ಪಾಠ ಮುಗಿದ ಮೇಲೆ ಶಾಲೆಯ ಯಂತ್ರದಲ್ಲಿ ಪ್ರತಿಯನ್ನು ಉಳಿಸುವುದಿಲ್ಲ. ಬಡವರ ಮನೆಯ ಕಾಗದವನ್ನು ಮಾತ್ರ ಪ್ರದರ್ಶಿಸಿ ಅವರನ್ನು ಕುಗ್ಗಿಸಬಾರದು. ಉಪಾಧ್ಯಾಯನು ತನ್ನ ಮನೆಯ ವಿದ್ಯುತ್ ಬಿಲ್ಲನ್ನೇ ಮೊದಲು ಇಡಲಿ. ಮರೆಮಾಡುವುದನ್ನು ಕಲಿತ ಮಗು ನಾಳೆ ಸಿಕ್ಕಸಿಕ್ಕವರಿಗೆ ತನ್ನ ಸಂಖ್ಯೆಗಳನ್ನು ಕಳುಹಿಸುವುದಿಲ್ಲ; ಆ ಎಚ್ಚರವೂ ಪಾಠದ ಒಂದು ಭಾಗ.

ತಂತ್ರಾಂಶ ರಚಿಸುವವರಲ್ಲಿ ಅರಿಕೆ

ಬೋಧನ ತಂತ್ರಾಂಶಗಳನ್ನು ರಚಿಸುವವರಲ್ಲಿಯೂ ಅವುಗಳನ್ನು ಶಾಲೆಗೆ ಆಯ್ದುಕೊಡುವವರಲ್ಲಿಯೂ ನಮ್ಮ ಅರಿಕೆಗಳಿವು.

ಒಂದು: ಫೋಟೋ, ಪಿ.ಡಿ.ಎಫ್., ಪತ್ರ, ಲೆಕ್ಕದ ಹಾಳೆ, ಈ ನಾಲ್ಕು ಬಗೆಯ ಕಡತಗಳನ್ನೂ ಪಾಠದೊಳಗೆ ತೆರೆಯುವಂತಿರಬೇಕು.

ಎರಡು: ಮೂಲ ಕಾಗದವು ಮೂಲದಂತೆಯೇ ಉಳಿಯಬೇಕು. ಮಗುವಿನ ಗುರುತು, ಟಿಪ್ಪಣಿ, ಅನುವಾದಗಳು ಅದರ ಮೇಲೆ ಹಾಸಿದ ತೆಳುಗಾಜಿನಂತೆ ಬೇರೆಯಾಗಿರಲಿ.

ಮೂರು: ಅಂಕಿಯನ್ನಾಗಲಿ ತಾರೀಖನ್ನಾಗಲಿ ಯಂತ್ರ ತಾನಾಗಿ ಬದಲಿಸಬಾರದು, ಬದಲಿಸುವ ಮೊದಲು ಕೇಳಬೇಕು.

ನಾಲ್ಕು: ಒಂದೇ ಪುಟದಲ್ಲಿ ಕನ್ನಡ, ತಮಿಳು, ಇಂಗ್ಲಿಷು ಮೂರೂ ಇರಲು ಅವಕಾಶ ಬೇಕು, ಹಳೆಯ ಸಂಕೇತದ ಕಡತಗಳನ್ನು ಗುರುತಿಸಿ ತಿರುಗಿಸಬೇಕು.

ಐದು: ಮಗು ಮಾಡಿದ ಕೆಲಸ ಮುಕ್ತ ನಮೂನೆಯಲ್ಲಿ ಹೊರಬರಬೇಕು. ಮುಕ್ತ ಮಾನಕಗಳ ಬಗ್ಗೆ ಭಾರತ ಸರ್ಕಾರ ೨೦೧೦ರಲ್ಲಿಯೇ ಆಡಳಿತಕ್ಕಾಗಿ ನೀತಿಯನ್ನು ಪ್ರಕಟಿಸಿದೆ; ಆಡಳಿತಕ್ಕೆ ಒಪ್ಪುವುದು ಪಾಠಶಾಲೆಗೆ ಒಪ್ಪದೆ ಹೋಗಲು ಕಾರಣವಿಲ್ಲ.

ಆರು: ಅಂತರ್ಜಾಲ ಇಲ್ಲದಾಗಲೂ ಇದೆಲ್ಲ ನಡೆಯಬೇಕು. ಬೆಟ್ಟದಡಿಯ ಊರುಗಳಲ್ಲಿ ಸಂಪರ್ಕ ಯಾವಾಗ ಕಡಿದುಹೋಗುವುದೆಂದು ಹೇಳಲಾಗದು.

ಇವುಗಳಲ್ಲಿ ಯಾವುದೂ ಅಸಾಧ್ಯವಲ್ಲ. ಬೇಕಾದ ಉಪಕರಣಗಳೆಲ್ಲ ಬೇರೆ ಬೇರೆ ಕಡೆ ಈಗಾಗಲೇ ಇವೆ. ಅವು ಬೋಧನ ತಂತ್ರಾಂಶದೊಳಗೆ ಬಂದು ಸೇರಿಲ್ಲ, ಅಷ್ಟೆ. ಕೇಳುವವರು ಇಲ್ಲದ ಕಡೆ ಕೊಡುವವರು ಇರುವುದಿಲ್ಲ. ಆದ್ದರಿಂದ ಸಂಘವು ಇದನ್ನು ತನ್ನ ಬೇಡಿಕೆಗಳಲ್ಲಿ ಒಂದಾಗಿ ಸೇರಿಸಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇವೆ.

ಆ ಹುಡುಗನ ವಿಷಯವನ್ನು ಹೇಳಿ ಮುಗಿಸುತ್ತೇವೆ. ಮುಂದಿನ ವರ್ಷ ಅಜ್ಜನ ಅರ್ಜಿಯನ್ನು ಅವನೇ ತುಂಬಿದ. ಈ ಸಲ ನಮ್ಮೆದುರಿನಲ್ಲಿಯೇ ಕೂತು ಮೊದಲು ಗೀಟಿನ ಎಡ ಬಲಗಳನ್ನು ಅಜ್ಜನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದ. ಆಮೇಲೆ ತಮಿಳಿನಲ್ಲಿ ಬರೆದ. ಬರೆದದ್ದನ್ನು ಮತ್ತೆ ಕನ್ನಡದಲ್ಲಿ ಓದಿ ಹೇಳಿದ. ಅಜ್ಜ ತಮ್ಮ ಒಂದು ಎಕರೆಯ ವಿವರವನ್ನು ಮೊದಲ ಬಾರಿಗೆ ಪೂರ್ತಿಯಾಗಿ ಕೇಳಿ, “ಇಷ್ಟೆಲ್ಲಾ ಇದರಲ್ಲಿ ಬರೆದಿದೆಯಾ?” ಎಂದರು. ಅರ್ಜಿ ಹಿಂದಿರುಗಲಿಲ್ಲ.